ಬಂಗುಡೆ ಬೇಡವೆಂದ ಹಿತೇಶ

ರಗಳೆ ಶುರುವಾದದ್ದು ಒಂದು ಬಟ್ಟಲು ಗಂಜಿಯಿಂದ.

ಕಡಿಮೆ ಖರ್ಚಿನಲ್ಲಿ ಯಾರ ಮೈಗೆ ಯಾವ ಊಟ ಹಿತ ಎಂದು ಹೇಳುವ ಆ್ಯಪ್ ಒಂದನ್ನು ಹಿತೇಶ ತಯಾರಿಸಿದ್ದ. ಅವನ ಕದ್ರಿಯ ಆಫೀಸಿನ ಬಾಸ್ ಆಶಾಲತಾ ಮೇಡಂ ಅದನ್ನು ನೋಡಿ, "ಚಂದ ಉಂಟು. ಇವತ್ತು ನೀವೇ ಮನೇಲಿ ಕೂತು ಅದು ಹೇಳಿದ್ದನ್ನೇ ತಿನ್ನಿ. ತಟ್ಟೆಯ ಫೋಟೋ ಎಲ್ಲರಿಗೂ ಕಾಣುವ ಹಾಗೆ ಆ್ಯಪಿಗೆ ಹಾಕಿ. ನೆರೆಕರೆಯವರೂ ಆ್ಯಪ್ ಹಾಕಿಕೊಳ್ಬೇಕು. ಸಂಜೆ ನಾನೇ ಬಂದು ಅವರನ್ನು ಕೇಳ್ತೇನೆ. ಸರಿ ಇಲ್ಲದಿದ್ರೆ ಆ್ಯಪೂ ಇಲ್ಲ, ನಿಮ್ಮ ಕೆಲಸವೂ ಇಲ್ಲ" ಎಂದಿದ್ದರು.

ಒಂದು ದಿನ ತಾನೇ ಎಂದು ಹಿತೇಶ ಒಪ್ಪಿದ. ಕುಲಶೇಖರದ ತನ್ನ ಬಾಡಿಗೆ ಮನೆಯಿಂದ ನೆರೆಕರೆಯ ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸಿದ. ಒಬ್ಬರೂ ಮುಟ್ಟಲಿಲ್ಲ. ಮಧ್ಯಾಹ್ನ ಆ್ಯಪ್ ಹೇಳಿದಂತೆ ಗಂಜಿ, ಬೇಯಿಸಿದ ಹೆಸರುಕಾಳು ಇಟ್ಟುಕೊಂಡು ಜಗಲಿಯಲ್ಲಿ ಫೋಟೋ ತೆಗೆಯುತ್ತಿದ್ದ. ಪಕ್ಕದ ಮನೆಯ ಗ್ಲ್ಯಾಡಿಸ್ ಆಂಟಿ, ಒಣಮೀನು ಕಂಡ ಕಾಗೆಯ ಹಾಗೆ ಕಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ಎಂತ ಹಿತೇಶ, ಜ್ವರವಾ?"

"ಇಲ್ಲ ಆಂಟಿ, ಡಯಟ್."

"ಎಂತ ಡಯಟ್ ಮಾರಾಯ! ನಿಲ್ಲು, ಬಂಗುಡೆ ಫ್ರೈ ಉಂಟು, ಬಿಸಿ ಬಿಸಿ."

ಆಂಟಿ ತಂದ ತಟ್ಟೆಯಿಂದ ಹುರಿದ ಮೀನಿನ ಪರಿಮಳ ಬಡಿದದ್ದೇ ಹಿತೇಶನ ಬಾಯಿ ಹೊಳೆಯಾಯಿತು. ಆದರೆ ತಿಂದದ್ದನ್ನು ಸಂಜೆ ಆಂಟಿ ಮೇಡಮ್ಮಿಗೆ ಹೇಳಿದರೆ ಕೆಲಸ ಹೋಯಿತು. ಕಣ್ಣು ಮುಚ್ಚಿ ಹೇಳಿಯೇ ಬಿಟ್ಟ: "ಬಂಗುಡೆ ಬೇಡ ಆಂಟಿ."

ಆಂಟಿ ತಟ್ಟೆಯನ್ನು ಕಂಪೌಂಡಿನ ಮೇಲಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು. ಅವರು ಕಂಡ ಹಾಗೆ ಬಂಗುಡೆ ಬೇಡವೆಂದವರು ಇಬ್ಬರೇ; ಇಬ್ಬರೂ ಮರುದಿನ ಐಸಿಯು ಸೇರಿದ್ದರು.

ಹತ್ತಿರದ ನಂತೂರು ಸರ್ಕಲಿನ ಟ್ರಾಫಿಕ್ಕಿನಲ್ಲಿ ಲಾರಿಗಳು ನಿಂತಲ್ಲೇ ನಿಂತಿದ್ದವು. ಸುದ್ದಿ ಮಾತ್ರ ಅವುಗಳನ್ನು ದಾಟಿ ಹೋಯಿತು. ಎದುರುಮನೆಯ ರಿಕ್ಷಾ ಡ್ರೈವರ್ ಚೆನ್ನಪ್ಪಣ್ಣ ಓಡಿ ಬಂದು ಹಿತೇಶನ ರೆಪ್ಪೆ ಎಳೆದು ನೋಡಿದರು.

"ಕಾಮಾಲೆ."

"ಅಣ್ಣಾ, ನನಗೆ ಎಂತದೂ ಇಲ್ಲ!"

"ಎಲ್ಲರೂ ಮೊದಲು ಹಾಗೇ ಹೇಳುದು."

ಚೆನ್ನಪ್ಪಣ್ಣನ ಹೆಂಡತಿ ದೇಯಿಯಕ್ಕ ಕಾಮಾಲೆಯ ಮದ್ದೆಂದು ಕಿರುನೆಲ್ಲಿ ಕಷಾಯ ತಂದರು. ಆ್ಯಪಿನಲ್ಲಿ ಕಷಾಯ ಇರಲಿಲ್ಲ. ಹಿತೇಶ ಅದನ್ನೂ ಬೇಡವೆಂದ.

"ಅಯ್ಯೋ, ಮದ್ದೂ ಸೇರುದಿಲ್ಲವಂತೆ!" ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಗ್ಲ್ಯಾಡಿಸ್ ಆಂಟಿ ಹೊಸ ಸುದ್ದಿ ತಂದರು. "ಅವನು ತಿನ್ನುದೆಲ್ಲ ಆ್ಯಪಿನಲ್ಲಿ ಕಾಣ್ತದೆ ಮಾರಾಯ್ರೇ!" ಮನೆಮನೆಯಲ್ಲೂ ಆ್ಯಪ್ ಇಳಿಯಿತು. ಸಂಜೆ ಹಿತೇಶ ಮುಳ್ಳುಸೌತೆಯ ಹೋಳುಗಳ ಫೋಟೋ ಹಾಕಿದಾಗ ಬೀದಿಯಿಡೀ "ಪಾಪ" ಎಂದಿತು. ಇನ್ನು ಕಾಯುವುದು ಬೇಡವೆಂದು ಚೆನ್ನಪ್ಪಣ್ಣ ಆಸ್ಪತ್ರೆಗೆ ಒಯ್ಯಲು ರಿಕ್ಷಾ ತಂದು, ಅವನನ್ನು ಗೋಣಿಚೀಲದ ಹಾಗೆ ಒಳಗೆ ತುಂಬಿಸಿದರು.

ಆಗಲೇ ಮೇಡಮ್ಮಿನ ಕಾರು ಬಂತು. "ಡಯಟ್ ಮಾಡಿಸಿದ ಮೇಡಂ ಬಂದ್ರು!" ಎಂದು ಹಿತೇಶ ರಿಕ್ಷಾದೊಳಗಿಂದ ಕೂಗಿದ.

"ಹುಡುಗನಿಗೆ ಗಂಜಿ ಕುಡಿಸಿ ಕೊಲ್ತೀರಾ ಮೇಡಂ?" ಚೆನ್ನಪ್ಪಣ್ಣ ಎಗರಿದರು.

ಕೆಲಸ ಹೋಯಿತೆಂದು ಹಿತೇಶ ಕಣ್ಣು ಮುಚ್ಚಿದ. ಮೇಡಂ ಮೊಬೈಲ್ ತೆರೆದು ನೋಡಿದರು. ಹುಬ್ಬು ಮೇಲೇರಿತು.

"ಅರೆ! ಇಡೀ ಕುಲಶೇಖರವೇ ಆ್ಯಪಿಗೆ ಸೇರಿದೆಯಲ್ಲ! ಹಿತೇಶ್, ಪಾಸ್!"

ಹಿತೇಶ ರಿಕ್ಷಾದಿಂದ ಹಾರಿ ದಾರಿಗೆಂದು ಗ್ಲ್ಯಾಡಿಸ್ ಆಂಟಿ ಹಿಡಿದು ತಂದಿದ್ದ ಬಂಗುಡೆ ತಟ್ಟೆಗೇ ಕೈ ಹಾಕಿದ. ಮೇಡಂ ಆ ಕೈ ಹಿಡಿದರು.

"ಎಂತ ಮಾಡ್ತೀರಿ? ಇವರೆಲ್ಲ ಬಂದದ್ದು ನಿಮ್ಮ ತಟ್ಟೆ ನೋಡ್ಲಿಕ್ಕೆ. ನೀವು ಬಂಗುಡೆ ತಿಂದ್ರೆ, ಗುಣ ಆಯ್ತು ಅಂತ ಆ್ಯಪ್ ತೆಗೆದು ಬಿಸಾಡ್ತಾರೆ. ಇನ್ನು ದಿನಾ ಗಂಜಿಯೇ."

"ಎಷ್ಟು ದಿನ ಮೇಡಂ?"

"ಆ್ಯಪ್ ನಡೆಯುವಷ್ಟು ದಿನ."

ಹಿತೇಶ ತಾನಾಗಿಯೇ ಹೋಗಿ ರಿಕ್ಷಾದಲ್ಲಿ ಕೂತ.

"ಚೆನ್ನಪ್ಪಣ್ಣಾ, ಆಸ್ಪತ್ರೆಗೇ ಹೋಗುವ."