ಮೂರು ಸ್ಪ್ರಿಂಗಿನ ದೀಪವೂ ನಮ್ಮ ಸಾಹೇಬರೂ

ಕಚೇರಿಯ ಮೇಜುದೀಪವನ್ನು ಬಂಗಲೆಗೆ ಸಾಗಿಸಲು ಜೀಪು ತಂದ ನಮ್ಮ ಸಾಹೇಬರು ಬರಿಗೈಯಲ್ಲಿ ಹಿಂದಿರುಗಿದರು. ಏನಾಗಿರಬಹುದು, ಹೇಳಿ ನೋಡೋಣ? ಗೊತ್ತಾಗಲಿಲ್ಲವೇ? ಇರಲಿ, ನಾನೇ ಹೇಳುತ್ತೇನೆ, ನಿವೃತ್ತನಾದ ನನಗೆ ಪುರುಸೊತ್ತಿಗೇನು ಬರ! ಆ ದೀಪ ಇದ್ದಷ್ಟು ದಿನ ಸಾಗರದ ನಮ್ಮ ನಕ್ಷೆ ಕಚೇರಿಯಲ್ಲಿ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇತ್ತು. ಅರವತ್ತರ ದಶಕದ ಮಾತು. ಶರಾವತಿ ಅಣೆಕಟ್ಟಿನಿಂದ ಮುಳುಗುವ ಜಮೀನುಗಳ ನಕ್ಷೆ ಬರೆಯುವುದು ನಮ್ಮ ಕೆಲಸ.

೧. ತೋಳು

ದೀಪ ಬಂದ ದಿನ ನಾನು ಭಾಷಣ ಶುರು ಮಾಡಿದೆ. ಬಿ.ಎಸ್ಸಿ. ಓದಿದವನಲ್ಲವೇ!

"ಮೂವತ್ತರ ದಶಕದಲ್ಲಿ ಇಂಗ್ಲೆಂಡಿನ ಒಬ್ಬ ಕಾರು ಎಂಜಿನಿಯರು ಮಾಡಿದ್ದು ಇದು. ಕಾರು ಕುಲುಕದಂತೆ ಸ್ಪ್ರಿಂಗು ಜೋಡಿಸುತ್ತಿದ್ದವನು. ಸ್ಪ್ರಿಂಗು ಭಾರ ಹೊತ್ತರೆ ದೀಪ ಎತ್ತ ತಿರುಗಿಸಿದರೂ ಅಲ್ಲೇ ನಿಲ್ಲುತ್ತದೆ ಅಂತ ಅವನಿಗೆ ಹೊಳೆಯಿತು. ಮೊದಲು ಕಾರ್ಖಾನೆಗಳಿಗೆ ನಾಲ್ಕು ಸ್ಪ್ರಿಂಗಿನದು, ಆಮೇಲೆ ಮನೆ, ಕಚೇರಿಗೆ ಮೂರರದು. ಮಾದರಿ ಯಾವುದು ಗೊತ್ತಾ? ಮನುಷ್ಯನ ತೋಳು!"

ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್, ತೀರ್ಥಹಳ್ಳಿಯವರು, ತಮ್ಮ ತೋಳನ್ನೇ ಎತ್ತಿ ಮಡಚಿ ನೋಡಿಕೊಂಡರು.

"ಹೌದನಾ? ಹಂಗಾದ್ರೆ ಇದಕ್ಕೂ ವಯಸ್ಸಾದ್ಮೇಲೆ ನೋವಿನೆಣ್ಣೆ ತಿಕ್ಬೇಕು ಮಾರಾಯ."

೨. ನೀರು

ಹೊಸನಗರ ಕಡೆಯ ರೈತರೊಬ್ಬರು ತಮ್ಮ ಗದ್ದೆ ಉಳಿಯುತ್ತದೋ ಇಲ್ಲವೋ ಕೇಳಲು ಬಂದರು. ಸಾಹೇಬರು ದೀಪವನ್ನು ನಕ್ಷೆಯ ಮೇಲೆ ಬಗ್ಗಿಸಿ ನೀಲಿ ಗೆರೆ ತೋರಿಸಿದರು.

"ನೀರು ಇಲ್ಲಿಗೇ ನಿಲ್ಲುತ್ತೆ. ನಿಮ್ಮ ಗದ್ದೆ ಆಚೆ."

ರೈತರು ದೀಪವನ್ನು ಮೇಲೆತ್ತಿದರು, ಅಲ್ಲೇ ನಿಂತಿತು. ಕೆಳಗೆಳೆದರು, ಅಲ್ಲೂ ನಿಂತಿತು.

"ಬಿಟ್ಟಲ್ಲೇ ನಿಲ್ತದಲ್ಲ ಮಾರಾಯ್ರೆ!"

ಸಾಹೇಬರು ಬೀಗಿದರು. ಆಗ ರೈತರು ಕೇಳಿದರು: "ಹೊಳೆಗೂ ಇಂಥದೇ ಮೂರು ಸ್ಪ್ರಿಂಗು ಹಾಕ್ಸಿದೀರಾ?"

೩. ಬಂಗಲೆ

ತೀರ್ಥಹಳ್ಳಿಯ ಆ ಹಿರಿಯರ ಕಣ್ಣು ಮಂಜಾಗುತ್ತಿತ್ತು. ಮಬ್ಬುಗತ್ತಲ ಕಚೇರಿಯಲ್ಲಿ ಕೂದಲೆಳೆಯಂಥ ಗೆರೆ ಎಳೆಯಲು ಆ ದೀಪವೇ ಗತಿ. ಅದು ಹೋದರೆ ಅವರ ನಕ್ಷೆ ಕೆಲಸವೂ ಹೋದಂತೆ. ಟಪಾಲು ಮೇಜಿಗೆ ತಳ್ಳುತ್ತಾರೆಂದು ಆಗಲೇ ಸುದ್ದಿ. ಅಂಥದ್ದರಲ್ಲಿ ಸಾಹೇಬರಿಗೆ ದೀಪ ಬಂಗಲೆಗೆ ಬೇಕಾಯಿತು, ಇಸ್ಪೀಟಿನ ಮೇಜಿಗೆ!

"ಹಂಗಾದ್ರೆ ನಕ್ಷೆ ಗತಿ ಏನು ಸಾರ್?" ಎಂದರು ಹಿರಿಯರು.

"ಕಿಟಕಿ ತೆಗೀರಿ."

"ಈ ಮಳೇಲಿ ಕಿಟಕಿ ತೆಗೆದ್ರೆ ಊರೆಲ್ಲ ನಕ್ಷೆ ಮೇಲೇ ಮುಳುಗ್ತದೆ. ಅಣೆಕಟ್ಟು ಯಾಕೆ ಮತ್ತೆ?"

ಸಾಹೇಬರು ಕೆಂಡವಾದರು. ಕ್ಯಾಲೆಂಡರಿನ ಕೆಂಪು ಅಂಕಿಯ ಮೇಲೆ ಬೆರಳಿಟ್ಟು ಜವಾನನಿಗೆ ಹೇಳಿದರಂತೆ: "ನಾಡಿದ್ದು ರಜೆ. ಯಾರೂ ಇರಲ್ಲ. ಬಂದು ಒಯ್ತೀನಿ."

ಜವಾನ ನಮ್ಮವನು!

ಸಾಹೇಬರು ಬಂದಾಗ ಇಡೀ ಕಚೇರಿ ಸ್ನಾನ ಮಾಡಿ, ಒಗೆದ ಪಂಚೆಯುಟ್ಟು ನಿಂತಿತ್ತು. ದೀಪದ ಕತ್ತಿಗೆ ಚೆಂಡುಹೂವಿನ ಹಾರ, ಮೂರು ಸ್ಪ್ರಿಂಗಿಗೂ ಕುಂಕುಮ. ಹಿರಿಯರು ಆರತಿ ತಟ್ಟೆಯನ್ನು ಸಾಹೇಬರ ಕೈಗೇ ಕೊಟ್ಟರು.

"ಕಚೇರಿಗೆ ದೊಡ್ಡವರು. ನೀವೇ ಬೆಳಗಿ ಸಾರ್."

ಅಷ್ಟು ಜನರೆದುರು ಎಂತ ಮಾಡುತ್ತಾರೆ? ಬೆಳಗಿದರು. ಕಣ್ಣಿಗೂ ಒತ್ತಿಕೊಂಡರು.

"ಕಚೇರಿ ಸಾಮಾನು ಅಂತ ಸಾಹೇಬರೇ ಆರತಿ ಮಾಡಿದ್ರು," ಹಿರಿಯರ ದನಿ ಬೀದಿಗೆ ಕೇಳುವಂತಿತ್ತು. "ಇನ್ನು ಇದನ್ನ ಇಸ್ಪೀಟಿನ ಮೇಜಿಗೆ ಒಯ್ಯೋ ಗಂಡು ಯಾರಿದಾನೆ, ಬರ್ಲಿ!"

ಸಾಹೇಬರು ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡು ಜೀಪು ಹತ್ತಿದರು. ಹಿರಿಯರು ನಿವೃತ್ತಿಯಾಗುವವರೆಗೂ ಆ ಬೆಳಕಿನಡಿಯೇ ಗೆರೆ ಎಳೆದರು.

ಸಾಹೇಬರು ಅಂಕಿ ಕೆಂಪಗಿದ್ದದ್ದು ನೋಡಿದ್ದರೇ ಹೊರತು, ಯಾಕೆ ಕೆಂಪು ಎಂದು ಓದಿರಲಿಲ್ಲ. ಅವತ್ತು ನವರಾತ್ರಿಯ ಒಂಬತ್ತನೇ ದಿನ, ಆಯುಧಪೂಜೆ.