ಗುರುಮೂರ್ತಿ ಕೊಟ್ಟ ನಗಾರಿ ಮಿಷನ್ನು

ಅಂಗೈ ಮೇಲಿನ ಲಿಂಗ ಇನ್ನೇನು ಜಾರಿ ಬೀಳಬೇಕು, ಅಷ್ಟರಲ್ಲಿ ಲೋಕೇಶ್ವರಿ ಬಲಗೈಯಿಂದ ಮುಚ್ಚಿ ಹಿಡಿದಳು. ವಿಭೂತಿ ಗಟ್ಟಿ ಮಾತ್ರ ಉರುಳಿ ಹೋಗಿ ಮೂಲೆ ಸೇರಿತು. ಗೋಡೆಯಾಚೆ ಬಸವೇಶ್ವರನ ಗುಡಿಯಲ್ಲಿ ನಗಾರಿ ಮಿಷನ್ನು ಶುರುವಾಗಿತ್ತು. ಎರಡು ನಗಾರಿ, ನಾಲ್ಕು ಗಂಟೆ, ಒಂದು ತಾಳ, ಎಲ್ಲವೂ ಒಂದೇ ಪೆಟ್ಟಿಗೆಗೆ ಜೋಡಿಸಿದವು. ಮೂರು ನಿಮಿಷ ಮೈಮೇಲೆ ಬಂದವರ ಹಾಗೆ ಬಡಿದು ನಿಂತ ಮೇಲೆ ಅದರ ಹೊಟ್ಟೆಯೊಳಗಿಂದ ಗಂಡು ದನಿಯೊಂದು ಹೊರಟಿತು. "ದೇವರ ಸೇವೆಯಲ್ಲಿ ನಿಮ್ಮ ಗುರುಮೂರ್ತಿ. ನಮ್ಮ ಗುರುತು ಬೀಗದ ಕೈ, ಅದಕ್ಕೇ ನಿಮ್ಮ ವೋಟು." ಮಾತು ಕನ್ನಡವಾದರೂ ಊರು ಗಡಿಯಾಚೆಯ ತಮಿಳು ಸೀಮೆಗೆ ಸೇರಿದ್ದು, ಅದನ್ನೇ ಇನ್ನೊಮ್ಮೆ ತಮಿಳಿನಲ್ಲಿ.

ಲೋಕೇಶ್ವರಿ ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷ. ಈ ಮನೆಯಲ್ಲಿ ಅವಳದೇ ಅಂತ ಇದ್ದದ್ದು ದಿನಕ್ಕೆ ಹದಿನೈದು ನಿಮಿಷ, ಲಿಂಗಪೂಜೆಯ ಹೊತ್ತು. ಆಗ ಯಾರೂ ಅವಳನ್ನು ಕರೆಯುವಂತಿಲ್ಲ, ಕರೆದರೂ ಅವಳು ಓಗೊಡುವಂತಿಲ್ಲ. ಪೂಜೆ ಮುಗಿಯದೆ ಬಾಯಿಗೆ ತೊಟ್ಟು ನೀರೂ ಹಾಕುವವಳಲ್ಲ. ಪಂಚಾಯ್ತಿ ತಲೈವರ್, ಅಂದರೆ ಅಧ್ಯಕ್ಷರ ಸ್ಥಾನಕ್ಕೆ ನಿಂತ ಗುರುಮೂರ್ತಿ ಈ ಮಿಷನ್ನನ್ನು ಗುಡಿಗೆ ಕೊಟ್ಟ ಒಂಬತ್ತು ದಿನದಿಂದ ಅವಳು ಅರ್ಧಂಬರ್ಧ ಪೂಜೆ ಮಾಡಿ, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು ಉಂಡಿದ್ದಳು. ಇವತ್ತು ಲಿಂಗವೇ ಜಾರುತ್ತಿತ್ತು. ಹದಿನೈದು ನಿಮಿಷ ಸದ್ದಿಲ್ಲದೆ ಪೂಜೆಯಾದ ಮೇಲೇ ಊಟ, ಅಲ್ಲಿವರೆಗೆ ಇಲ್ಲ ಎಂದು ಅವಳು ಎದ್ದಳು.

"ಒಲದ್ ತಾವ ಓಗಿ ಮಾಡ್ಕಂಡ್ರಾಯ್ತು ಬುಡಮ್ಮಿ," ಅಂದ ಗಂಡ ಚನ್ನಬಸವ. ಜಗಳ ಅಂದರೆ ಮೈಲಿ ದೂರ ನಿಲ್ಲುವ ಮನುಷ್ಯ.

"ಗುರುಮೂರ್ತಿ ವೋಟು ಕೇಳ್ಲಿ ಅಂತ ನಾ ನನ್ ಮನೆ ಬುಟ್ಟು ಒಲಕ್ಕೋಗ್ಬೇಕಾ?"

ಚನ್ನಬಸವ ಮುದ್ದೆ ಮುರಿದು ಅವರೆಕಾಳು ಸಾರಿಗೆ ಅದ್ದಿದ. ಅದರ ವಾಸನೆ ಬಾಗಿಲವರೆಗೂ ಅವಳ ಹಿಂದೆಯೇ ಬಂತು.

ಗುಡಿಯಲ್ಲಿ ಪೂಜಾರಿ ಮಾದಯ್ಯ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ. ಅವಳು ಹೇಳಿದ್ದನ್ನು ಕೇಳಲು ಒಂದು ಕಿವಿಯ ಹತ್ತಿ ತೆಗೆದ. ಮೊದಲು ಗಂಟೆಗೆ ಒಂದು ಹಗ್ಗ ಇತ್ತು. ಎಳೆದರೆ ಬಾರಿಸುತ್ತಿತ್ತು, ಬಿಟ್ಟರೆ ಸುಮ್ಮನಾಗುತ್ತಿತ್ತು. ಅದನ್ನು ಕಲಿಯಲು ಯಾರೂ ಪುಸ್ತಕ ಓದಿರಲಿಲ್ಲ. ಇದಕ್ಕೆ ಮೂವತ್ತೆಂಟು ಗುಂಡಿಯ ರಿಮೋಟು, ಫೋನಿನಲ್ಲೊಂದು ಆ್ಯಪು, ಐದು ಭಾಷೆಯ ಪುಸ್ತಕ. ಐದರಲ್ಲಿ ಕನ್ನಡವೂ ಇಲ್ಲ, ತಮಿಳೂ ಇಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಾರಿಸಬೇಕಾದದ್ದು ಅದಕ್ಕೆ ತೋಚಿದಾಗೆಲ್ಲ ಬಾರಿಸುತ್ತಿತ್ತು.

"ಕೆಂಪು ಗುಂಡಿ ಒತ್ತುದ್ರೆ ನಿಂತ್ಕತದ ಅಂದ್ರು ಕಣವ್ವ," ಅಂದ ಮಾದಯ್ಯ. "ಒತ್ತುದ್ರೆ ಯಾವ್ದೋ ಎಂಗ್ಸು ಇಂಗ್ಲೀಸಲ್ಲಿ ಬಯ್ತಾಳ."

ಲೋಕೇಶ್ವರಿ ಕರೆಂಟಿನ ಪ್ಲಗ್ಗು ಕಿತ್ತಳು. ಮಿಷನ್ನಿಗೆ ಅದು ತನ್ನನ್ನೇ ಕೆಣಕಿದಂತಾಯಿತೋ ಏನೋ, ಒಳಗಿನ ಬ್ಯಾಟರಿಯ ಬಲದಲ್ಲಿ ತಕ್ಷಣ ಬಡಿಯತೊಡಗಿತು. ರಿಮೋಟು ಕಿತ್ತುಕೊಂಡು ಒಂದು ಗುಂಡಿ ಒತ್ತಿದಳು, ಸದ್ದು ದುಪ್ಪಟ್ಟಾಯಿತು. ಇನ್ನೊಂದು ಒತ್ತಿದಳು, ಬಸವೇಶ್ವರನ ಮೇಲೆ ಹಸಿರು, ನೀಲಿ ದೀಪ ಓಡಾಡಿದವು. ಮೂರನೆಯದಕ್ಕೆ ಏನೂ ಆಗಲಿಲ್ಲವೆಂದು ನಿಟ್ಟುಸಿರು ಬಿಟ್ಟಳು. ಆಗಿದ್ದೇನೆಂದು ಹತ್ತು ನಿಮಿಷದ ಮೇಲೆ ಗೊತ್ತಾಯಿತು. ಅಲ್ಲಿಂದ ಮುಂದೆ ಅದು ಹತ್ತು ಹತ್ತು ನಿಮಿಷಕ್ಕೆ ಬಾರಿಸತೊಡಗಿತು. ಇದನ್ನು ಜೋಳದ ಹೊಲದಲ್ಲಿಟ್ಟಿದ್ದರೆ ಆನೆಗಳಾದರೂ ಹಾಸನೂರಿನ ಕಾಡು ದಾಟಿ ಓಡುತ್ತಿದ್ದವು.

ಅವಳು ಬೀದಿಗೆ ಇಳಿಯುವುದರೊಳಗೆ ಎದುರು ಮನೆಯ ಮಂಚಮ್ಮ ಸುದ್ದಿಯನ್ನು ಕೊಳಾಯಿಯವರೆಗೂ ಮುಟ್ಟಿಸಿಯಾಗಿತ್ತು. ಲೋಕೇಶ್ವರಿಗೆ ದೇವರ ಸದ್ದು ಆಗುವುದಿಲ್ಲವಂತೆ. ಕೊಳಾಯಿ ದಾಟುವಾಗ ಅದು, ಲೋಕೇಶ್ವರಿ ದೇವರೇ ಬೇಡ ಅಂತಾಳಂತೆ ಎಂದಾಯಿತು. ಕೊನೆಯ ಮನೆ ಮುಟ್ಟುವ ಹೊತ್ತಿಗೆ, ಅವಳು ಎದುರು ಪಾರ್ಟಿ ಬಸವಯ್ಯನ ಕಡೆಯವಳು ಎಂದು ತೀರ್ಮಾನವೂ ಆಗಿತ್ತು. ಇದು ಬಸವಯ್ಯನ ಕಿವಿಗೂ ಬಿತ್ತು. ಅವನು ಶಾಲು ಹಿಡಿದುಕೊಂಡು ಬಂದು, ಅವಳು ಬೇಡವೆನ್ನುತ್ತಿದ್ದರೂ ಹೊದಿಸಿ ಫೋಟೋ ತೆಗೆಸಿದ. ತಾನು ಗೆದ್ದರೆ ಗುಡಿಗೆ ಇಂಥವೇ ಎರಡು ಮಿಷನ್ನು ಕೊಡುತ್ತೇನೆ ಅಂದ. ಲೋಕೇಶ್ವರಿ ಶಾಲನ್ನು ಮಡಿಸಿ ಅವನ ಹೆಗಲ ಮೇಲೇ ಹಾಕಿ ಮುಂದೆ ನಡೆದಳು.

ಗುರುಮೂರ್ತಿ ಪಣಕಹಳ್ಳಿಗೆ ಹೋಗುವ ಬಸ್ಸು ನಿಲ್ಲುವ ಕಡೆ ಟೀ ಕುಡಿಸುತ್ತ ವೋಟು ಕೇಳುತ್ತಿದ್ದ. ಅವಳಿಗೂ ಒಂದು ಲೋಟ ನೀಡಿದ. ಟೀಯ ಹಬೆ ಮೂಗಿಗೆ ಬಡಿದಾಗ ಅವಳಿಗೆ ಕಣ್ಣು ಕತ್ತಲೆ ಬಂದಂತಾಯಿತು. ಕೈ ಮಾತ್ರ ಮುಂದೆ ಹೋಗಲಿಲ್ಲ.

"ದೇವ್ರ ಸೇವೆ ಕಣಕ್ಕ ಅದು," ಅಂದ ಗುರುಮೂರ್ತಿ. "ಅದ್ನ ನಿಲ್ಸು ಅಂತೀಯಲ್ಲ."

"ಸೇವೆ ದೇವ್ರುಗಾದ್ರೆ ನಿನ್ ಎಸ್ರು ಯಾರ್ಗಲಾ? ಬಸವಣ್ಣುಂಗೆ ನಮ್ ವಾರ್ಡಲ್ಲಿ ವೋಟೇನಾರ ಅದಾ?"

ಟೀ ಕುಡಿಯುತ್ತಿದ್ದವರು ಲೋಟದೊಳಗೇ ನಕ್ಕರು. ಗುರುಮೂರ್ತಿ ಮುಖ ಕೆಂಪಗೆ ಮಾಡಿಕೊಂಡು, ಆ್ಯಪು ಇರುವುದು ಮಿಷನ್ನು ಜೋಡಿಸಿದವನ ಫೋನಿನಲ್ಲಿ, ಅವನು ಈರೋಡಿನಲ್ಲಿದ್ದಾನೆ, ಅವನ ಫೋನು ಆಫಾಗಿದೆ ಅಂದ.

ಲೋಕೇಶ್ವರಿ ಹಿಂದಿರುಗಿ ನಡೆದಳು. ಬಿಸಿಲು ನೆತ್ತಿಗೇರಿತ್ತು. ಅವಳಿಗೆ ದೇವರೆಂದರೆ ಅಂಗೈಯಗಲದ ಒಂದು ಮೌನ. ಸತ್ತ ಅವ್ವನನ್ನು, ಯಾರಿಗೂ ಹೇಳದ ಸಿಟ್ಟನ್ನು, ಕಾರಣವಿಲ್ಲದೆ ಬರುವ ಅಳುವನ್ನು ಅವಳು ಒಪ್ಪಿಸುತ್ತಿದ್ದದ್ದು ಅಲ್ಲಿಗೆ. ಊರಿನ ಗಂಡಸರು ಎತ್ತರದ ದನಿಯಲ್ಲಿ ಎಲ್ಲಿಗೆ ಬೇಕಾದರೂ ಬರಲಿ, ಅಲ್ಲಿಗೂ ಬರಬೇಕೇ?

ಆಗಲೇ ತಿರುವಿನಲ್ಲಿ ಎಲೆಕ್ಷನ್ ಅಧಿಕಾರಿಗಳ ಜೀಪು ಕಾಣಿಸಿತು. ಅವಳು ರಸ್ತೆ ನಡುವೆ ಹೋಗಿ ನಿಂತಳು. ಡ್ರೈವರು ಹಾರನ್ನು ಹೊಡೆದ. ಒಂಬತ್ತು ದಿನ ನಗಾರಿ ಕೇಳಿದವಳಿಗೆ ಅದು ಸೊಳ್ಳೆ ಗುಂಯ್ಗುಟ್ಟಿದ ಹಾಗಿತ್ತು.

ಜೀಪಿನಲ್ಲಿದ್ದ ಅಧಿಕಾರಿ ಕನ್ನಡಕದ ಹೆಂಗಸು, ತಮಿಳಿನವರು. ಲೋಕೇಶ್ವರಿ ತಮಿಳಿನಲ್ಲೇ ಎಲ್ಲವನ್ನೂ ಒಪ್ಪಿಸಿದಳು. ಗುಡಿಯಲ್ಲಿ ಪ್ರಚಾರವೇ ಎಂದು ಆಕೆ ನಂಬದೆ ಗುಡಿಗೇ ಬಂದು ನಿಂತರು. ಮಿಷನ್ನು ಆಕೆಯನ್ನು ಕಾಯಿಸಲಿಲ್ಲ. ಬಡಿದು ಮುಗಿಸಿ, ಬೀಗದ ಕೈಗೆ ವೋಟು ಹಾಕಿ ಎಂದು ಎರಡು ಭಾಷೆಯಲ್ಲೂ ಆಕೆಯನ್ನೇ ಕೇಳಿತು. ಅಧಿಕಾರಿ ತಕ್ಷಣ ಜಪ್ತಿ ಮಾಡಲು ಹೇಳಿದರು.

ಬೀದಿಯೆಲ್ಲ ಸೇರಿತು. ಮಿಷನ್ನನ್ನು ನಿಲ್ಲಿಸಲು ಅವರಿಂದಲೂ ಆಗಲಿಲ್ಲ. ಬಿಚ್ಚಲು ನಕ್ಷತ್ರದ ಮೂತಿಯ ಸ್ಕ್ರೂ ಡ್ರೈವರು ಬೇಕಂತೆ, ಸಾಕ್ಷಿಯ ವಸ್ತುವನ್ನು ಬಿಚ್ಚುವುದೂ ಕಾನೂನಲ್ಲವಂತೆ. ಬಡಿಯುತ್ತಿದ್ದ ಹಾಗೇ ಅದಕ್ಕೆ ಬಿಳಿ ಬಟ್ಟೆ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದರು. ವೈರೊಂದು ಇಲಿಯ ಬಾಲದ ಹಾಗೆ ಬಟ್ಟೆಯ ಸಂದಿಯಿಂದ ಹೊರಗುಳಿಯಿತು. ನಾಲ್ಕು ಜನ ಹೊತ್ತು ಗುಡಿಯ ಮೆಟ್ಟಿಲಿಳಿಸಿದರು. ಮಾದಯ್ಯ ಇನ್ನೊಂದು ಕಿವಿಯ ಹತ್ತಿಯನ್ನೂ ತೆಗೆದ.

"ಗೆದ್ಬುಟ್ಟೆ ಕಣಕ್ಕ," ಎಂದು ಮಂಚಮ್ಮ, ಬೆಳಗಿನಿಂದ ತಾನೇ ಅವಳ ಬೆನ್ನಿಗೆ ನಿಂತವಳ ಹಾಗೆ ಕೈ ಹಿಡಿದಳು.

ಲೋಕೇಶ್ವರಿ ಕೈ ಬಿಡಿಸಿಕೊಂಡಳು. ನೆಟ್ಟಗೆ ಹಿತ್ತಲಿನ ಬಚ್ಚಲಿಗೆ ಹೋಗಿ ತಲೆಗೆ ನೀರು ಹುಯ್ದುಕೊಂಡಳು. ಬೀದಿಯ ಧೂಳು, ಬಸವಯ್ಯನ ಶಾಲು, ಗುರುಮೂರ್ತಿಯ ದನಿ ಎಲ್ಲವೂ ಇಳಿದು ಹೋಯಿತು. ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಧರಿಸಿ, ದೇವರ ಕೋಣೆಯ ಬಾಗಿಲು ತಳ್ಳಿದಳು.

ಮಣೆಯ ಪಕ್ಕದಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು, ಕೆಂಪು ಮುದ್ರೆ ಹಣೆಗಿಟ್ಟುಕೊಂಡು ಮಿಷನ್ನು ಕೂತಿತ್ತು.

ಚನ್ನಬಸವ ಕೈಯಲ್ಲೊಂದು ಕಾಗದ ಹಿಡಿದು ಗೋಡೆಗೆ ಅಂಟಿಕೊಂಡು ನಿಂತಿದ್ದ. ಜೀಪಿನ ತುಂಬ ಜಪ್ತಿ ಮಾಡಿದ ಸೀರೆ, ಕುಕ್ಕರು ಇದ್ದವಂತೆ, ಇದಕ್ಕೆ ಜಾಗವಿರಲಿಲ್ಲವಂತೆ. ವೋಟು ಎಣಿಸುವವರೆಗೆ ಯಾವ ಪಾರ್ಟಿಗೂ ಸೇರದ, ಮರ್ಯಾದಸ್ಥರ ಮನೆಯಲ್ಲಿ, ಬೀಗ ಹಾಕುವ ಕೋಣೆಯಲ್ಲಿ ಇಡಬೇಕಂತೆ. ಊರಿನಲ್ಲಿ ಗುರುಮೂರ್ತಿಯ ಕಡೆಗೂ, ಬಸವಯ್ಯನ ಕಡೆಗೂ ಸೇರದವರು ಯಾರು ಎಂದು ಅಧಿಕಾರಿ ಕೇಳಿದರೆ ಎಲ್ಲರೂ ಶಾಲನ್ನೂ ಟೀಯನ್ನೂ ಬೇಡವೆಂದ ಲೋಕೇಶ್ವರಿಯ ಮನೆಯನ್ನೇ ತೋರಿಸಿದರಂತೆ. ಮನೆಯಲ್ಲಿ ಬೀಗ ಇದ್ದದ್ದು ಇದೊಂದೇ ಕೋಣೆಗೆ.

"ಕೈ ಮುಗ್ದು ಕೇಳುದ್ರು ಕಣಮ್ಮಿ. ಸೈನಾಕ್ದಿ."

ಲೋಕೇಶ್ವರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎಣಿಕೆಗೆ ಇನ್ನೂ ಹನ್ನೊಂದು ದಿನ. ಆದರೂ ಅವಳು ಸೋಲಲಿಲ್ಲ. "ಮುದ್ರೆ ಮುಟ್ಬಾರ್ದು ತಾನೆ, ಮುಟ್ಟಲ್ಲ," ಅಂದಳು ನಿಧಾನವಾಗಿ. "ಬ್ಯಾಟ್ರಿ ಎಷ್ಟೊತ್ ಬಂದಾತು? ನಾಳಿಕೆ ಅದೇ ಸಾಯ್ತದ. ಅಲ್ಲಿಗಂಟ ಉಪಾಸ ಇರ್ತೀನಿ."

ಚನ್ನಬಸವ ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದ. ಒಪ್ಪಿಸಿಕೊಂಡಾಗ ಮಿಷನ್ನು ನಡೆಯುತ್ತಿತ್ತು, ಹಿಂದಿರುಗಿಸುವಾಗಲೂ ನಡೆಯುತ್ತಿರಬೇಕು, ಇಲ್ಲದಿದ್ದರೆ ಸಾಕ್ಷಿ ಕೆಡಿಸಿದ ಕೇಸು.

"ದಿನಾಲೂ ಚಾರ್ಜಿಗಾಕಿ ಅಂದವ್ರ," ಎಂದು ಅವನು ಬಗ್ಗಿ, ಬಟ್ಟೆಯ ಸಂದಿಯ ವೈರನ್ನು ಎಳೆದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ.