ವೈರಿಲ್ಲದ ಆಯುಧಕ್ಕೂ ಪೂಜೆ

ನಮ್ಮ ಮನೆಯಿಂದ ವೈರನ್ನು ಗಡಿಪಾರು ಮಾಡಿದ ಕೀರ್ತಿ ನನ್ನದು. ಅದಕ್ಕಾಗಿ ಯಾರೂ ನನಗೆ ಶಾಲು ಹೊದಿಸಿ ಹಾರ ಹಾಕಲಿಲ್ಲ. ಬದಲಿಗೆ ಏನು ಸಿಕ್ಕಿತು ಎಂಬುದನ್ನು ನಿಮ್ಮ ಮುಂದೆ ತೋಡಿಕೊಂಡು ಮನಸ್ಸು ಹಗುರ ಮಾಡಿಕೊಳ್ಳುತ್ತೇನೆ. (ಇದೇನಾದರೂ ನನ್ನ ಹೆಂಡತಿ ಕೌಸಲ್ಯಾಳ ಕಣ್ಣಿಗೆ ಬಿದ್ದರೆ, ಉದ್ದಕ್ಕೂ ಅವಳ ಗುಣಗಾನವೇ ಇದೆ ಎಂದು ದಯವಿಟ್ಟು ಸಾಕ್ಷಿ ಹೇಳಿ.)

ಮದ್ರಾಸಿನ ಪೋರೂರಿನ ನಮ್ಮ ಫ್ಲ್ಯಾಟಿನಲ್ಲಿ ಟಿವಿ ಒಂದು ಗೋಡೆಗಿದೆ, ಸೋಫಾ ಎದುರು ಗೋಡೆಗಿದೆ. ಟಿವಿಯ ಕೆಳಗೆ ವಿಡಿಯೋ ಗೇಮಿನ ಪೆಟ್ಟಿಗೆ. ಅದರ ಹಳೆಯ ಕಂಟ್ರೋಲರುಗಳ ವೈರು ಸೋಫಾದವರೆಗೆ ಬರುತ್ತಿರಲಿಲ್ಲ. ಹೀಗಾಗಿ ಏಳನೇ ಕ್ಲಾಸಿನ ಮಗಳು ಸಮೀಕ್ಷಾ ಮತ್ತು ಅರ್ಧ ತಲೆ ನರೆತ ನಾನು ಟಿವಿಯ ಮುಂದೆ ನೆಲದ ಮೇಲೆ, ಪಂಕ್ತಿಯಲ್ಲಿ ಎಲೆಗೆ ಕಾದು ಕೂತವರ ಹಾಗೆ, ಚಕ್ಕಳಮಕ್ಕಳ ಹಾಕಿಕೊಂಡು ಆಡುತ್ತಿದ್ದೆವು. ನಮ್ಮ ಆಟ ಮುಷ್ಟಿಯುದ್ಧ. ನನ್ನ ಕೈಯಲ್ಲಿ ನೀಲಿ ಚಡ್ಡಿಯ ಮಲ್ಲ, ಅವಳ ಕೈಯಲ್ಲಿ ಕೆಂಪು ಚಡ್ಡಿಯವನು. ಆ ಕೆಂಪು ಚಡ್ಡಿಯವನು ನನ್ನನ್ನು ಒಂದು ದಿನವೂ ನೆಟ್ಟಗೆ ನಿಲ್ಲಲು ಬಿಟ್ಟವನಲ್ಲ.

ಪ್ರತಿ ಸಲ ಸೋತಾಗಲೂ ನಾನು, "ವೈರು ಎಳ್ಕೊಂಡ್ಬಿಡ್ತು ಕಣೆ, ಇಲ್ಲಾಂದ್ರೆ ಈ ಸಲ ನಂದೇ" ಎನ್ನುತ್ತಿದ್ದೆ. ಹೇಳುತ್ತಾ ಹೇಳುತ್ತಾ ನನಗೇ ಅದು ನಿಜವೆನಿಸಿಬಿಟ್ಟಿತು. ಸೋಲಿಗೆಲ್ಲ ವೈರೇ ಕಾರಣ ಎಂದ ಮೇಲೆ ವೈರಿಲ್ಲದ ಕಂಟ್ರೋಲರ್ ತರುವುದೇ ಮದ್ದು. ಈ ಮಹಾನ್ ಯೋಜನೆಯನ್ನು ಅಡುಗೆಮನೆಯಲ್ಲಿ ಮಂಡಿಸಿದೆ.

"ವೈರಿದ್ರೆ ಏನ್ರೀ ತೊಂದ್ರೆ?" ಎಂದಳು ಕೌಸಲ್ಯಾ, ಹುರುಳಿಕಾಯಿ ನಾರು ತೆಗೆಯುತ್ತಾ. "ಚಾರ್ಜಿಗೆ ಹಾಕೋ ಹಂಗಿಲ್ಲ. ಕಳ್ದುಹೋಗೋ ಹಂಗಿಲ್ಲ. ಊಟಕ್ಕೆ ಬನ್ನಿ ಅಂತ ಹತ್ತು ಸಲ ಕೂಗೋದೂ ಬೇಡ. ಪ್ಲಗ್ ಎಳೆದ್ರೆ ಅಪ್ಪ ಮಗಳು ಇಬ್ರೂ ಎದ್ದು ಬರ್ತೀರ."

"ಅದೇ ತೊಂದ್ರೆ! ಹೊಸದು ಹಂಗಲ್ಲ. ಮಧ್ಯೆ ಗೋಡೆ ಇದ್ರೂ ಕೆಲಸ ಮಾಡುತ್ತೆ. ಆಟದಲ್ಲಿ ಏಟು ಬಿದ್ರೆ ಕೈಯಲ್ಲಿ ಗಡಗಡ ಅಂತ ನಡುಗುತ್ತೆ. ನಿಜವಾಗ್ಲೂ ಒದೆ ತಿಂದಂಗೇ ಇರುತ್ತಂತೆ."

"ಒದೆ ತಿನ್ನೋಕೆ ಅಂಗಡಿಗೆ ಹೋಗ್ಬೇಕಾ?" ಎಂದು ಕೇಳಿ ಅವಳು ನಾರು ತೆಗೆಯುವುದನ್ನು ಮುಂದುವರಿಸಿದಳು. ಸಂಸಾರಸ್ಥರು ಇದನ್ನೇ ಒಪ್ಪಿಗೆ ಎಂದು ತಿಳಿಯಬೇಕು. ಒಂದು ಜೊತೆ ತಂದೆ.

ಆಹಾ, ಮೊದಲ ವಾರದ ವೈಭವವೇ! ಸೋಫಾದಲ್ಲಿ ಒರಗಿ, ಕಾಲನ್ನು ಟೀಪಾಯಿಯ ಮೇಲೆ ಚಾಚಿ, ಮಹಾರಾಜನಂತೆ ಸೋತೆ. ಬಾಲ್ಕನಿಯಲ್ಲಿ ನಿಂತು ಗಾಳಿ ಕುಡಿಯುತ್ತಾ ಸೋತೆ. ಎರಡನೇ ವಾರದಿಂದ ಈ ನಿಸ್ತಂತು ಕ್ರೀಡಾಯಂತ್ರದ ಇನ್ನೊಂದು ಮುಖ ಕಾಣತೊಡಗಿತು. ವೈರಿಲ್ಲದ್ದು ಎಲ್ಲಿಗೆ ಬೇಕಾದರೂ ಹೋಗುತ್ತದೆ, ಆದರೆ ತಾನಾಗಿ ವಾಪಸ್ಸು ಬರುವುದಿಲ್ಲ. ಒಮ್ಮೆ ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಸಿಕ್ಕಿತು, ಒಮ್ಮೆ ಫ್ರಿಜ್ಜಿನಲ್ಲಿ ಕೊತ್ತಂಬರಿ ಕಟ್ಟಿನ ಪಕ್ಕದಲ್ಲಿ. (ನೀರಿನ ಬಾಟಲಿ ತೆಗೆಯಲು ಹೋಗಿ ಕೈಯಲ್ಲಿದ್ದದ್ದನ್ನು ಅಲ್ಲಿಟ್ಟು ಬಂದವನು ಯಾರು ಎಂಬ ವಿಚಾರಣೆ ಬೇಡ.) ಇನ್ನು ಚಾರ್ಜು. ಆಟ ರಂಗೇರಿದಾಗಲೇ ಅದು ಪ್ರಾಣ ಬಿಡುತ್ತದೆ. ಆಗ ಚಾರ್ಜರಿನ ವೈರು ಸಿಕ್ಕಿಸಿಕೊಂಡೇ ಆಡಬೇಕು, ಆ ವೈರು ಹಳೆಯದಕ್ಕಿಂತ ಗಿಡ್ಡ. ಹೀಗೆ ನಾನು ಮತ್ತೆ ನೆಲಕ್ಕೇ ಬಂದೆ, ಈ ಸಲ ಗೋಡೆಯ ಪ್ಲಗ್ಗಿಗೆ ಬೆನ್ನು ಅಂಟಿಸಿಕೊಂಡು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಜೆಯಾದರೆ ಹೆಂಗಸರು ಮನೆಯಿಂದ ಮನೆಗೆ ಗೊಂಬೆ ನೋಡಲು ಹೋಗುತ್ತಾರೆ. ಮದ್ರಾಸಿನಲ್ಲಿ ಗೊಂಬೆ ನೋಡಿ ಸುಂಡಲ್ ಎಂಬ ಕಡಲೆ ಉಸಲಿ ತಿಂದು ಸುಮ್ಮನೆ ಎದ್ದು ಬರುವ ಹಾಗಿಲ್ಲ, ಒಂದು ಹಾಡು ಹೇಳಲೇಬೇಕು. ಕೌಸಲ್ಯಾ ಚೆನ್ನಾಗಿ ಹಾಡುತ್ತಾಳೆ. ಆದರೆ ಎದುರು ಮನೆಯ ಜಯಲಕ್ಷ್ಮೀ ಹಾಡುವಾಗ ಆಕೆಯ ಗಂಡ ಪಕ್ಕದಲ್ಲಿ ಕೂತು ಖಂಜಿರ ನುಡಿಸುತ್ತಾರೆ. ಕೌಸಲ್ಯಾ ಹಾಡುವಾಗ ಆಕೆಯ ಗಂಡ ಸುಂಡಲ್ ತುಂಬಿದ ದೊನ್ನೆ ಹಂಚುತ್ತಾನೆ. ಇದು ಅವಳ ಬಹುಕಾಲದ ಕೊರಗು. ಪ್ರತಿ ವರ್ಷವೂ, "ವಿಜಯದಶಮಿ ದಿನ ಮೃದಂಗದ ಕ್ಲಾಸಿಗೆ ಸೇರ್ಕೊಳ್ರೀ, ವಿದ್ಯೆ ಶುರು ಮಾಡೋಕೆ ಅದಕ್ಕಿಂತ ಒಳ್ಳೇ ದಿನ ಇಲ್ಲ" ಎನ್ನುತ್ತಾಳೆ. ಪ್ರತಿ ವರ್ಷವೂ ನಾನು ಬೆರಳು ನೋವು, ಆಫೀಸಿನ ಗಲಾಟೆ ಎಂದು ಜಾರಿಕೊಳ್ಳುತ್ತೇನೆ. ನಿಜವಾದ ಕಾರಣ ಒಂದೇ. ಕ್ಲಾಸು ಇರುವುದು ಭಾನುವಾರ ಬೆಳಗ್ಗೆ, ನಾನು ಇಡೀ ವಾರ ಬದುಕುವುದೇ ಆ ಭಾನುವಾರದ ಬೆಳಗಿಗಾಗಿ.

ಈ ವರ್ಷ ಅವಳು ಬಿಡಲಿಲ್ಲ.

"ನಾನು ಹೇಳೋದೂ ಬೇಡ, ನೀವು ನೆಪ ಹೂಡೋದೂ ಬೇಡ. ಆಯುಧಪೂಜೆ ದಿನ ಚಾಮುಂಡಿ ತಾಯಿ ಹತ್ರನೇ ಕೇಳ್ತೀನಿ. ಬಲಗಡೆ ಹೂ ಕೊಟ್ಳು ಅಂದ್ರೆ ಮಾರನೇ ದಿನ ಕ್ಲಾಸಿಗೆ ಸೇರ್ಬೇಕು. ಕೊಡ್ಲಿಲ್ಲ ಅಂದ್ರೆ ಇನ್ಯಾವತ್ತೂ ಮೃದಂಗದ ಸುದ್ದಿ ಎತ್ತಲ್ಲ."

ನಾನು ಒಳಗೊಳಗೇ ಹಿಗ್ಗಿದೆ. ಯಾಕೆಂದರೆ ಕೌಸಲ್ಯಾ ದೇವರಿಗೆ ಹೂ ಮುಡಿಸಿದಳೆಂದರೆ ಅದು ಒಣಗಿ ಪುಡಿಯಾದೀತೇ ಹೊರತು ಬೀಳುವುದಿಲ್ಲ. ಮದುವೆಯಾದಾಗಿನಿಂದ ಅವಳು ಏನೇನೋ ಕೇಳಿದ್ದಾಳೆ, ದೇವಿ ಒಂದು ಎಸಳನ್ನೂ ಉದುರಿಸಿಲ್ಲ. ಆದರೂ ಒಂದಿಷ್ಟು ಮುಂಜಾಗ್ರತೆ ವಹಿಸಿದೆ.

"ಆಗ್ಲಿ. ಆದ್ರೆ ಫ್ಯಾನ್ ಹಾಕೋ ಹಂಗಿಲ್ಲ, ಕಿಟಕಿ ತೆಗೆಯೋ ಹಂಗಿಲ್ಲ. ಕೇಳೋವಾಗ ಫೋಟೋ ಮುಟ್ಟೋ ಹಂಗಿಲ್ಲ. ಸಮೀಕ್ಷಾ ಸಾಕ್ಷಿ."

"ಮತ್ತೆ ನೀವು?"

"ನಾನು ಆ ಕಡೆ ತಲೆನೇ ಹಾಕಲ್ಲ, ಹಾಲ್‌ನಲ್ಲಿರ್ತೀನಿ. ಆಮೇಲೆ ನಾನೇನೋ ಕೈಚಳಕ ಮಾಡ್ದೆ ಅನ್ನೋ ಮಾತು ನಂಗೆ ಬೇಡ."

ಆಯುಧಪೂಜೆಯ ಸಂಜೆ ನಾನೂ ಮಗಳೂ ಸೋಫಾದಲ್ಲಿ ಕಾದಾಟದಲ್ಲಿ ಮುಳುಗಿದ್ದೆವು. ನೀಲಿ ಚಡ್ಡಿ ಆಗಲೇ ಎರಡು ಸಲ ನೆಲಕಚ್ಚಿತ್ತು. ಬಳೆಯ ಸದ್ದು ಕೇಳಿದ್ದೇ ತಡ, ಆಟವನ್ನು ಅಲ್ಲಿಗೇ ನಿಲ್ಲಿಸಿ ನನ್ನ ಕಂಟ್ರೋಲರನ್ನು ದಿಂಬಿನ ಅಡಿಗೆ ತಳ್ಳಿದೆ. ಕೌಸಲ್ಯಾ ದೊಡ್ಡ ತಟ್ಟೆ ಹಿಡಿದು ಬಂದಿದ್ದಳು. ಅದರಲ್ಲಿ ಕತ್ತರಿ, ಈಳಿಗೆ ಮಣೆ, ಸ್ಕೂಟರಿನ ಕೀಲಿ, ಮಗಳ ಜ್ಯಾಮಿತಿ ಡಬ್ಬಿ, ನನ್ನ ಆಫೀಸಿನ ಲ್ಯಾಪ್‌ಟಾಪ್ ಎಲ್ಲ ಇದ್ದವು.

"ಎಲ್ಲಿ, ನಿಮ್ಮಿಬ್ರ ಆಯುಧ ಕೊಡಿ. ಹೋದ್ವರ್ಷ ವೈರಿತ್ತು ಅಂತ ಟಿವಿ ಹತ್ರ ಬಗ್ಗಿ ಕುಂಕುಮ ಇಟ್ಟಿದ್ದೆ. ಈ ಸಲ ನೆಟ್ಟಗೆ ದೇವರ ಮುಂದೇನೇ ಇಡ್ಬೋದು," ಎಂದು ಮಗಳ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡಳು. "ಇನ್ನೊಂದೆಲ್ರೀ?"

ದೇವರ ಮುಂದೆ ಇಟ್ಟದ್ದನ್ನು ಮಾರನೇ ದಿನದ ಪೂಜೆಯವರೆಗೆ ಮುಟ್ಟುವ ಹಾಗಿಲ್ಲ. ರಜೆಯ ಸಂಜೆಯನ್ನು ಬರಿಗೈಯಲ್ಲಿ ಕಳೆಯುವುದೇ?

"ಎಲ್ಲೋ ಕಳ್ದುಹೋಗಿದೆ ಕಣೆ. ವೈರಿಲ್ಲ ನೋಡು," ಎಂದೆ.

ಸಮೀಕ್ಷಾ ನನ್ನನ್ನೂ ದಿಂಬನ್ನೂ ನೋಡಿದಳು. ಕೌಸಲ್ಯಾ ಕಂಟ್ರೋಲರನ್ನು ತಿರುಗಿಸಿ ನೋಡಿ, "ಇದ್ರಲ್ಲೇನೋ ದೀಪ ಉರೀತಿದ್ಯಲ್ರೀ" ಎಂದಳು.

"ಆಫ್ ಮಾಡ್ಕೊಡ್ತೀನಿ, ತಾ."

"ಬಿಡ್ತು ಅನ್ನಿ! ಪೂಜೆಗಿಡೋವಾಗ ಯಾರಾದ್ರೂ ದೀಪ ಆರಿಸ್ತಾರಾ?"

ಅದನ್ನು ಹಾಗೇ ಒಯ್ದು, ಪಕ್ಕದ ಪೂಜೆ ಕೋಣೆಯ ಮರದ ಹಲಗೆಯ ಮೇಲೆ, ಚಾಮುಂಡಿಯ ಫೋಟೋದ ಬುಡಕ್ಕೇ ಒತ್ತಿಟ್ಟಳು. ಕುಂಕುಮ ಇಟ್ಟಳು. ಮಗಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡಳು. ಒಪ್ಪಂದದಂತೆ ಫ್ಯಾನು ನಿಂತಿತು.

ಹಾಲ್‌ನಲ್ಲಿ ನಾನೊಬ್ಬನೇ. ಪೂಜೆ ಮುಗಿದು ಮಂಗಳಾರತಿಗೆ ಕರೆಯುವವರೆಗೆ ಮಾಡಲು ಕೆಲಸವಿಲ್ಲ. ಟಿವಿಯ ಸದ್ದನ್ನು ಪೂರ್ತಿ ಅಡಗಿಸಿ, ದಿಂಬಿನ ಅಡಿಯಿಂದ ಕಂಟ್ರೋಲರ್ ಎಳೆದುಕೊಂಡೆ. ನಿಂತಿದ್ದ ಆಟ ಮತ್ತೆ ಹೊರಟಿತು. ಕೆಂಪು ಚಡ್ಡಿಯವನು ಎದುರಿಗೆ ನಿಂತಿದ್ದ. ಹೆದರಿಕೊಂಡೇ ಒಂದು ಗುದ್ದು ಕೊಟ್ಟೆ. ಅವನು ಸುಮ್ಮನಿದ್ದ! ಅವನನ್ನು ಆಡಿಸುವವಳು ಒಳಗೆ ಕೈಮುಗಿದು ನಿಂತಿದ್ದಳಲ್ಲ.

ಅಂಥ ಎದುರಾಳಿ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಕೈ ಎತ್ತುವುದಿಲ್ಲ, ತಪ್ಪಿಸಿಕೊಳ್ಳುವುದಿಲ್ಲ, ತಿರುಗಿ ಮಾತಾಡುವುದಿಲ್ಲ. ಎಡಗೈಯಲ್ಲಿ ಕೊಟ್ಟೆ, ಬಲಗೈಯಲ್ಲಿ ಕೊಟ್ಟೆ. ಆಫೀಸಿನ ಸಿಟ್ಟು, ಪೋರೂರು ಸಿಗ್ನಲ್ಲಿನ ಸಿಟ್ಟು, ಇಷ್ಟು ದಿನ ಸೋತ ಸಿಟ್ಟು ಎಲ್ಲ ಸೇರಿಸಿ ಬಡಿದೆ. ಒಳಗಿನಿಂದ ಗುರ್ರ್, ಗುರ್ರ್ ಎಂಬ ಸದ್ದು ಬರುತ್ತಿತ್ತು. ಮೇಲಿನ ಮನೆಯವರು ಮಿಕ್ಸಿ ಹಾಕಿದ್ದಾರೆ ಎಂದುಕೊಂಡೆ. ಕೊನೆಗೆ ದವಡೆಗೊಂದು ಬಿಗಿದಾಗ ಕೆಂಪು ಚಡ್ಡಿ ಅಂಗಾತ ಬಿತ್ತು. ನನ್ನ ನೀಲಿ ಮಲ್ಲ ಎರಡೂ ಕೈ ಮೇಲೆತ್ತಿದ. ನಾನೂ ಎತ್ತಿದೆ. ಗೆಲುವು ಇಷ್ಟು ಚೆನ್ನಾಗಿರುತ್ತದೆ ಎಂದು ಗೊತ್ತೇ ಇರಲಿಲ್ಲ, ಕಣ್ಣು ತುಂಬಿ ಬಂತು.

"ಅಮ್ಮಾ! ತಾಯೀ!" ಎಂಬ ಕೂಗು ಒಳಗಿನಿಂದ ಬಂದದ್ದು ಆಗಲೇ.

ಓಡಿಹೋಗಿ ಬಾಗಿಲು ತಳ್ಳಿದೆ. ಕೌಸಲ್ಯಾ ಎರಡೂ ಕೈ ಕೆನ್ನೆಗೆ ಬಡಿದುಕೊಳ್ಳುತ್ತಾ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಚಾಮುಂಡಿಯ ಬಲಗಡೆ ಮುಡಿಸಿದ್ದ ಹಳದಿ ಸೇವಂತಿಗೆ ಕೆಳಗೆ ಬಿದ್ದಿತ್ತು.

"ಮೊದಲು ಹಲಗೆ ಗಡಗಡ ಅಂತ ನಡುಗ್ತು ರೀ! ಕುಂಕುಮದ ಬಟ್ಟಲು ಕಿಣಿಕಿಣಿ ಅಂತು. ನಾನು ಕಣ್ಮುಚ್ಕೊಂಡು ಕೇಳ್ತಾನೇ ಇದೀನಿ, ತಾಯೀ, ನಮ್ಮನೆಯವ್ರು ಮೃದಂಗ ಕಲೀತಾರಾ ಅಂತ. ಟಪ್ ಅಂತ ಬಲಗಡೆ ಹೂ! ಇಷ್ಟು ವರ್ಷದಲ್ಲಿ ಇದೇ ಮೊದಲು ರೀ!"

ಸಾಕ್ಷಿಯ ಕಣ್ಣು ಮಾತ್ರ ನನ್ನ ಕೈಯ ಮೇಲಿತ್ತು. ಗೆದ್ದ ಸಂಭ್ರಮದಲ್ಲಿ ನಾನು ಕಂಟ್ರೋಲರ್ ಹಿಡಿದುಕೊಂಡೇ ಓಡಿ ಬಂದಿದ್ದೆ. ಸಮೀಕ್ಷಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು.

"ಅಪ್ಪಾ, ನೀ ವಿಳೆಯಾಡಿಟ್ಟಿರುಂದಿಯಾ?" ಎಂದಳು. ಆಡ್ತಾ ಇದ್ದೆಯಾ ಎಂದು ಕೇಳಿದ್ದು. ಆಮೇಲೆ ಹಲಗೆಯ ಮೇಲಿನ ಕಂಟ್ರೋಲರನ್ನು ತೋರಿಸಿ, "ನೀ ಅಡಿಚ್ಚಾ ಇದು ವೈಬ್ರೇಟ್ ಆಗುಮೇ!" ಎಂದಳು.

ನನಗೆ ಎಲ್ಲ ಹೊಳೆಯಿತು. ನಾನು ಅಲ್ಲಿ ಕೊಟ್ಟ ಒಂದೊಂದು ಗುದ್ದಿಗೂ ಇಲ್ಲಿ ಅದು ನಡುಗಿದೆ, ಅದರೊಂದಿಗೆ ಹಲಗೆ, ಹಲಗೆಯೊಂದಿಗೆ ಚಾಮುಂಡಿ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಭಾನುವಾರಗಳು ಹೋಗುತ್ತವೆ. ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ. ಮರ್ಯಾದೆ ಇಲ್ಲದೆಯೂ ಭಾನುವಾರ ಸುಖವಾಗಿ ಮಲಗಬಹುದು ಎಂದು ತೀರ್ಮಾನಿಸಿ, ಸತ್ಯ ಹರಿಶ್ಚಂದ್ರನಾದೆ. ದಿಂಬಿನಿಂದ ದವಡೆಯವರೆಗೆ ಎಲ್ಲವನ್ನೂ ಹೇಳಿದೆ.

ಕೌಸಲ್ಯಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಂದ್ರೆ, ಕಳ್ದುಹೋಗಿದೆ ಅಂದಿದ್ದು ಸುಳ್ಳು."

"ಹೂಂ."

"ಪೂಜೆ ಹೊತ್ತಲ್ಲಿ ಗುದ್ದಾಟ ಆಡ್ತಾ ಇದ್ರಿ."

"ಹೂಂ. ಅದಕ್ಕೇ ಹೇಳ್ತಿರೋದು. ಹೂ ದೇವಿ ಕೊಟ್ಟಿದ್ದಲ್ಲ ಕಣೆ, ನಾನು ಬೀಳ್ಸಿದ್ದು. ಇದು ಲೆಕ್ಕಕ್ಕಿಲ್ಲ."

"ಫ್ಯಾನ್ ಹಾಕಿದ್ನಾ?"

"ಇಲ್ಲ."

"ಕಿಟಕಿ ತೆಗೆದಿದ್ನಾ? ಫೋಟೋ ಮುಟ್ಟಿದ್ನಾ?"

"ಇಲ್ಲ, ಆದ್ರೆ..."

"ಏನಾದ್ರೆ? ಅಷ್ಟೆಲ್ಲ ಕಟ್ಟು ಹಾಕಿದ್ದು ನೀವೇ. ನಾನು ಕೇಳ್ತಿದ್ದ ಹೊತ್ತಿಗೇ ಸರಿಯಾಗಿ ನೀವು ಆಟಕ್ಕೆ ಕೂತ್ರಿ. ಅಷ್ಟು ಹೂವಲ್ಲಿ ಬಲಗಡೆದೇ ಬಿತ್ತು. ಬೇರೆ ಯಾರ ಕೈಲಾದ್ರೂ ಕೊಡ್ಸಿದ್ರೆ ನೀವು ಒಪ್ತಿರ್ಲಿಲ್ಲ ಅಂತ ತಾಯಿ ನಿಮ್ಮ ಕೈಯಿಂದ್ಲೇ ಕೊಡ್ಸಿದಾಳೆ, ಅದೂ ಗೋಡೆ ಆಚೆಯಿಂದ! ನಿಮ್ಮಂಥ ಪುಣ್ಯವಂತರು ಯಾರಿದಾರೆ ರೀ?"

ಅವಳು ಆ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಂಡಳು. ಮುಖ ಅಷ್ಟು ಅರಳಿದ್ದನ್ನು ನೋಡಿ ಬಹಳ ದಿನವಾಗಿತ್ತು. ವಾದ ಮಾಡಲು ಮನಸ್ಸು ಬರಲಿಲ್ಲ.

ವಿಜಯದಶಮಿಯ ಬೆಳಗ್ಗೆ ಮೃದಂಗದ ಮೇಷ್ಟ್ರು, ಇಲ್ಲಿನವರ ಬಾಯಲ್ಲಿ ವಾದ್ಯಾರ್, ಮನೆಯ ತಾರಸಿಯಲ್ಲಿ ಚಾಪೆ ಹಾಸಿದ್ದರು. ಹೊಸದಾಗಿ ಸೇರಿದವರ ಸಾಲಿನಲ್ಲಿ ಹಲ್ಲು ಬಿದ್ದ ಮಕ್ಕಳ ನಡುವೆ ನಾನು ಪಂಚೆ ಉಟ್ಟು ಕೂತೆ. ಒಂದು ಮಗುವಿನ ಅಜ್ಜಿ, ನಾನು ಯಾವ ಮಗುವಿನ ತಾತ ಎಂದು ವಿಚಾರಿಸಿದರು. ಗೋಡೆಯ ಪಕ್ಕದಲ್ಲಿ ಕೌಸಲ್ಯಾ ರೇಷ್ಮೆ ಸೀರೆಯಲ್ಲಿ, ಫೋನ್ ಎತ್ತಿ ಹಿಡಿದು, ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದಳು.

ನನ್ನ ಸರದಿ ಬಂತು. ತ, ಧಿ, ತೊಂ, ನಂ. ವಾದ್ಯಾರ್ ತೋರಿಸಿದಂತೆ ಬಾರಿಸಿದೆ. ಮೃದಂಗದ ಮೊದಲ ಪೆಟ್ಟು ಎದೆಯವರೆಗೆ ಕೇಳಿಸಿತು. ಹೇಳಲು ನಾಚಿಕೆಯಾಗುತ್ತದೆ, ನನಗೆ ಬಹಳ ಹಿತವಾಯಿತು. ಆ ಹುಮ್ಮಸ್ಸಿನಲ್ಲಿ ಇನ್ನೂ ನಾಲ್ಕು ಬಾರಿಸಿದೆ. ಪಕ್ಕದ ಮಗು ಚಾಪೆಯಲ್ಲಿ ಸ್ವಲ್ಪ ಆಚೆ ಸರಿದು ಕೂತಿತು. ವಾದ್ಯಾರ್ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಗಂಗಾಧರ್ ಸಾರ್," ಎಂದರು ತಮಿಳಿನಲ್ಲಿ, ಬಲು ಮರ್ಯಾದೆಯಿಂದ. "ಅದೈ ಜಯಿಕ್ಕ ವೇಂಡಾಂ, ವಾಸಿಚ್ಚಾ ಪೋದುಂ."

ಅದನ್ನು ಗೆಲ್ಲಬೇಕಾಗಿಲ್ಲ ಸಾರ್, ನುಡಿಸಿದರೆ ಸಾಕು ಎಂದು ಅರ್ಥ. ಕೌಸಲ್ಯಾಳ ಫೋನಿನಲ್ಲಿ ಇದೂ ಸೇರಿಕೊಂಡಿತು. ನಾವು ತಾರಸಿಯ ಮೆಟ್ಟಿಲಿಳಿದು ಮನೆ ಸೇರುವಷ್ಟರಲ್ಲಿ ಜಯಲಕ್ಷ್ಮೀಯವರೂ, ಖಂಜಿರ ನುಡಿಸುವ ಅವರ ಗಂಡನೂ ಅದನ್ನು ಎರಡು ಸಲ ನೋಡಿಯಾಗಿತ್ತು.